ಬಸ್ಸಮ್ಮ ಟವೆಲ್ ಹಾಕಿದ ಸೀಟು

ಸುರಪುರದ ಬಸ್ ನಿಲ್ದಾಣದಲ್ಲಿ ಸೀಟು ಹಿಡಿಯುವುದು ಒಂದು ವಿದ್ಯೆ. ಬಸ್ಸು ತಿರುವಿನಲ್ಲಿ ಮೂತಿ ತೋರಿಸುವ ಮೊದಲೇ ಜನ ಅದರ ಪಕ್ಕೆಗೆ ಬೀಳುತ್ತಾರೆ. ಕಿಟಕಿಯಿಂದ ಒಂದು ಟವೆಲ್ ಒಳಗೆ ಬಿತ್ತೋ, ಆ ಸೀಟು ಟವೆಲಿನವರದ್ದು. ಈ ಕಾಯಿದೆ ಯಾವ ಪುಸ್ತಕದಲ್ಲೂ ಇಲ್ಲ. ಬಹುಶಃ ಅದಕ್ಕೇ ಎಲ್ಲರೂ ಪಾಲಿಸುತ್ತಾರೆ. ಆದರೆ ಇದಕ್ಕೊಂದು ಉಪಕಾಯಿದೆಯೂ ಇತ್ತು. ಕೆಲವರು ಬಂದು ಕೆಲವರ ಟವೆಲನ್ನು ಸೀಟಿನಿಂದ ಎತ್ತಿ, ಅವರ ಕೈಗೇ ಕೊಟ್ಟು, ಹಿಂದಕ್ಕೆ ದಾರಿ ತೋರಿಸಬಹುದಿತ್ತು. ಬಾಯಿಬಿಟ್ಟು 'ಏಳು' ಅನ್ನಬೇಕೆಂದೂ ಇರಲಿಲ್ಲ. ಅವ್ವನ ಜೊತೆ ಶಹಾಪುರದ ಕಡೆ ಭತ್ತದ ನಾಟಿಗೆ ಹೋಗುತ್ತಿದ್ದ ಕಾಲದಲ್ಲಿ ಬಸ್ಸಮ್ಮ ಮೊದಲು ಕಲಿತದ್ದು ಉಪಕಾಯಿದೆಯನ್ನು. ಮೂಲ ಕಾಯಿದೆ ಆಮೇಲೆ ತಿಳಿಯಿತು.

ಈಗ ಅವಳಿಗೆ ರಂಗಂಪೇಟೆಯಲ್ಲಿ ಬೀಜ, ಗೊಬ್ಬರ, ಎಣ್ಣೆಯ ಅಂಗಡಿ ಇದೆ. ಎಣ್ಣೆಯೆಂದರೆ ಬೆಳೆಗೆ ಹೊಡೆಯುವ ಎಣ್ಣೆ, ಒಗ್ಗರಣೆಯದಲ್ಲ. ಪರವಾನಗಿ ಅವಳ ಹೆಸರಲ್ಲೇ ಇದೆ, ಏಕೆಂದರೆ ಮನೆಯಲ್ಲಿ ಹತ್ತನೆಯ ತರಗತಿ ದಾಟಿದವಳು ಅವಳು. ಗಂಡ ಯಂಕಣ್ಣ ಅದರ ಹೊಸ್ತಿಲಲ್ಲೇ ನಿಂತವನು. ಡೀಲರುಗಳ ಡಿಪ್ಲೊಮಾಕ್ಕೂ ವಾರವಾರ ಹೋಗಿ ಕೂತು ಬಂದವಳು ಅವಳೇ. ಗಲ್ಲಾದ ಮೇಲೆ ಬುದ್ಧನ ಫೋಟೋ, ಕೆಳಗೆ ಬಸ್ಸಮ್ಮ. ಇಬ್ಬರಲ್ಲಿ ಸಮಾಧಾನ ಹೆಚ್ಚಿದ್ದದ್ದು ಫೋಟೋಗೆ. ಎದುರಿನ ಪ್ಲಾಸ್ಟಿಕ್ ಕುರ್ಚಿಗಳಲ್ಲಿ ಎಲ್ಲ ಪೈಕಿಯ ರೈತರೂ ಕೂತು, ಹತ್ತಿಯ ಎಲೆ ಅಂಗೈಯಲ್ಲಿಟ್ಟು, "ಇದಕ್ಕೇನು ಹೊಡಿಬೇಕು ಹೇಳಬೇ" ಎಂದು ಕೇಳುತ್ತಾರೆ. ಇಷ್ಟಾದರೂ ಬಸ್ಸಮ್ಮ ಬ್ಯಾಂಕಿಗೆ ಹೋದರೆ ಕೂಡ್ರಿ ಅನ್ನುವವರೆಗೆ ನಿಂತೇ ಇರುತ್ತಾಳೆ. ಅನ್ನುವುದನ್ನು ಮ್ಯಾನೇಜರ್ ಮರೆತರೆ ಕೆಲಸ ಮುಗಿಯುವವರೆಗೂ ನಿಂತಿರುತ್ತಾಳೆ. ಮನೆಗೆ ಬಂದು ಯಂಕಣ್ಣನನ್ನು ಬೈಯುತ್ತಾಳೆ.

ಆ ವರ್ಷ ಎಣ್ಣೆ ಕಂಪನಿಯ ಟಾರ್ಗೆಟ್ ಮುಟ್ಟಿದ ಡೀಲರುಗಳಿಗೆ ಜೋಡಿ ಸಮೇತ ಲಂಡನ್ ಪ್ರವಾಸ ಎಂದು ಘೋಷಣೆಯಾಯಿತು. ಬಸ್ಸಮ್ಮ ಮುಟ್ಟಿದಳು. ಯಂಕಣ್ಣ ಪಾಸ್‌ಪೋರ್ಟ್ ಮಾಡಿಸಿದ, ಸ್ವೆಟರ್ ಕೊಂಡ, ಹೊರಡುವ ವಾರದಲ್ಲಿ ಹಿಂದೆ ಸರಿದ.

"ಬಸ್ಸು ಬಿದ್ರ ರೋಡಿನ ಮ್ಯಾಲ ಬೀಳ್ತದ. ರೈಲು ಬಿದ್ರ ಪಟ್ಟಿ ಮ್ಯಾಲ. ಇದು ಎಲ್ಲಿ ಬೀಳ್ತದ ಅಂತ ಯಾರಿಗರೆ ಗೊತ್ತದೇನು?" ಎಂಬುದು ಅವನ ವಾದ. "ನೀ ಹೋಗಿ ಬಾ. ಅಂಗಡಿ ನಾ ನೋಡ್ಕೋತೀನಿ."

"ನಾ ಬಿದ್ರ ನಡಿತದ, ಹೌದಿಲ್ಲೋ?"

"ನೀ ಬೀಳಾಕಿ ಅಲ್ಲ," ಎಂದ ಯಂಕಣ್ಣ. ಮದುವೆಯಾದ ಮೇಲೆ ಹೆಂಡತಿಯ ಬಗ್ಗೆ ಅವನಾಡಿದ ಅತಿ ದೊಡ್ಡ ಹೊಗಳಿಕೆ ಅದೇ ಇರಬೇಕು.

ಹೀಗೆ ಬಸ್ಸಮ್ಮ ಒಬ್ಬಳೇ ಹೊರಟಳು. ಕಂಪನಿಯ ಟೆಂಪೋ ಸುರಪುರದಿಂದ ಶುರುವಾಗಿ ಶಹಾಪುರ, ಯಾದಗಿರಿಯ ಡೀಲರುಗಳನ್ನು ಹತ್ತಿಸಿಕೊಂಡು ಗುರುಮಠಕಲ್ ಮೇಲೆ ಹೈದರಾಬಾದಿಗೆ ಹೋಗುವುದಿತ್ತು. ಮೊದಲು ಹತ್ತಿದವಳು ಬಸ್ಸಮ್ಮ. ಡ್ರೈವರನ ಹಿಂದಿನ ಕಿಟಕಿ ಸೀಟಿನಲ್ಲಿ ಚೀಲ ತೊಡೆಯ ಮೇಲಿಟ್ಟುಕೊಂಡು ಕೂತಳು. ಶಹಾಪುರದಲ್ಲಿ ಲಿಂಗಣ್ಣ ಸಾವ್ಕಾರರು, ಅವರ ಹೆಂಡತಿ ದೇವಕ್ಕ ಹತ್ತಿದರು. ಕಾಳು, ಹತ್ತಿ, ಗೊಬ್ಬರ ಮೂರರಲ್ಲೂ ಹೆಸರಿದ್ದ ಮನೆ. ದೇವಕ್ಕನ ಮೊಣಕಾಲು ಹಿಡಿದಿತ್ತು. ಮೆಟ್ಟಿಲಿಗೊಮ್ಮೆ "ಶಿವಾ" ಎನ್ನುತ್ತ ಅವಳು ಮೇಲೆ ಬಂದು ತಲೆಯೆತ್ತಿ ನೋಡುವಷ್ಟರಲ್ಲಿ ಕಿಟಕಿ ಸೀಟು ಖಾಲಿಯಾಗಿತ್ತು. ಬಸ್ಸಮ್ಮ ಹಿಂದಿನ ಸಾಲಿನಲ್ಲಿ, ಸೂಟ್‌ಕೇಸುಗಳ ನಡುವೆ ಕೂತಿದ್ದಳು. ಯಾರೂ ಏಳು ಅಂದಿರಲಿಲ್ಲ. ಯಾರೂ ಅವಳ ಕಡೆ ನೋಡಿಯೂ ಇರಲಿಲ್ಲ.

ಯಾದಗಿರಿ ಬಂತು. ಅಬ್ಬೆತುಮಕೂರಿನ ಮಠಕ್ಕೆ ಒಂದು ಕೈ ಮುಗಿದು ಬರೋಣವೆಂದು ದೇವಕ್ಕ ಟೆಂಪೋ ತಿರುಗಿಸಿದಳು. ಉಳಿದವರು ದರ್ಶನಕ್ಕೆ ಇಳಿದಾಗ ಬಸ್ಸಮ್ಮ ಹಿಂದಿನ ಸೀಟಿನಲ್ಲೇ ಕೂತು ತನ್ನ ಮೇಲೆ ತಾನು ಸಿಟ್ಟು ಮಾಡಿಕೊಂಡಳು. ತಾನು ಎದ್ದದ್ದು ಯಾವಾಗ ಎಂದು ಎಷ್ಟು ನೆನೆದರೂ ನೆನಪಾಗಲಿಲ್ಲ. ಬುದ್ಧಿಯನ್ನು ಕೇಳದೆಯೇ ಕಾಲು ಎದ್ದುಬಿಟ್ಟಿತ್ತು. ವಿಮಾನದಲ್ಲಿ ಹೀಗಾಗಬಾರದು ಎಂದುಕೊಂಡಳು. ವಿಮಾನದ ಚೀಟಿಯ ಮೇಲೆ ಹೆಸರಿರುತ್ತದೆ, ನಂಬರಿರುತ್ತದೆ. ಆ ನಂಬರಿನ ಮೇಲೆ ಕೂತರೆ ಲಂಡನ್ ಬರುವವರೆಗೆ ಸಾಕ್ಷಾತ್ ಜಿಲ್ಲಾಧಿಕಾರಿಯೇ ಬಂದು ನಿಂತರೂ ಏಳಬಾರದು.

ಹೈದರಾಬಾದಿನ ವಿಮಾನ ನಿಲ್ದಾಣದಲ್ಲಿ, ಇವರನ್ನೆಲ್ಲ ಕುರಿಮಂದೆಯಂತೆ ಎಣಿಸಿ ವಿಮಾನ ಹತ್ತಿಸಲು ಬಂದಿದ್ದ ಕಂಪನಿಯ ಫೀಲ್ಡ್ ಆಫೀಸರ್ ಬಸವಕುಮಾರ, ಎಲ್ಲರ ಚೀಟಿ ಹಂಚಿದ. ಬಸ್ಸಮ್ಮನದನ್ನು ಮಾತ್ರ ಹಿಂದೆಮುಂದೆ ತಿರುಗಿಸಿ ನೋಡಿದ.

"ಬಸ್ಸಮ್ಮಾರ, ನಿಮ್ಮ ನಸೀಬು ನೋಡ್ರಿ. ಹಿಂದಿನ ಸೀಟು ಪೂರಾ ತುಂಬ್ಯಾವಂತ. ಒಂಟಿ ಬಂದೋರನ್ನ ಹುಡುಕಿ ಮುಂದ ಬಿಸಿನೆಸ್ ಕ್ಲಾಸಿಗಿ ಹಾಕ್ಯಾರ. ನಮ್ಮ ಗುಂಪಿನಾಗ ಎಲ್ಲಾರೂ ಜೋಡಿ, ನೀವೊಬ್ಬರs ಬಿಡಿ."

"ರೊಕ್ಕ ಕೊಡಬೇಕೇನ್ರಿ?"

"ಏನೂ ಇಲ್ಲ. ಸುಮ್ನ ಹೋಗಿ ಕೂಡ್ರೋದು."

ಸುಮ್ಮನೆ ಹೋಗಿ ಕೂಡುವುದು ಎಷ್ಟು ಕಷ್ಟದ ಕೆಲಸವೆಂದು ಬಸವಕುಮಾರನಿಗೇನು ಗೊತ್ತು.

"ಬಿಸಿನೆಸ್ ಮಾಡೋರು ನಾವು," ಎಂದರು ಲಿಂಗಣ್ಣ, ನಗುತ್ತಲೇ. "ಆ ಕ್ಲಾಸು ಆಕಿಗಿ ಹ್ಯಾಂಗ ಬಂತೋ."

ದೇವಕ್ಕ ನೇರವಾಗಿ ವಿಷಯಕ್ಕೆ ಬಂದಳು. "ಬಸ್ಸಮ್ಮ, ನನ್ನ ಮಣಕಾಲು ನೀ ನೋಡಾಕತ್ತಿದಿ. ಅಲ್ಲಿ ಕಾಲು ಚಾಚಾಕ ಬರ್ತದಂತ. ನಿನಗೇನಬೇ, ಗಟ್ಟಿ ಅದಿ. ಬದಲಿ ಮಾಡ್ಕೊಳ್ಳೂಣೇನು?"

ಬಸ್ಸಮ್ಮನ ಕೈ ಆಗಲೇ ಚೀಟಿ ಹಿಡಿದು ಮುಂದೆ ಹೋಗಿತ್ತು. ದೇವಕ್ಕ ಅದನ್ನು ತೆಗೆದುಕೊಂಡು ಕೌಂಟರಿನ ಹುಡುಗಿಯ ಮುಂದೆ ಇಟ್ಟಳು. ಹುಡುಗಿ ಕಂಪ್ಯೂಟರು ನೋಡಿ, ಬಹಳ ವಿನಯದಿಂದ, ಇದು ಬಸ್ಸಮ್ಮ ಎನ್ನುವವರ ಹೆಸರಿಗೆ ಬಂದದ್ದು, ಬೇರೆಯವರಿಗೆ ಕೊಡಲು ಬರುವುದಿಲ್ಲ ಎಂದು ಹಿಂದಿಯಲ್ಲಿ ಹೇಳಿದಳು. ದೇವಕ್ಕ ಮತ್ತೊಮ್ಮೆ ಕೇಳಿದಳು. ಹುಡುಗಿ ಮತ್ತೊಮ್ಮೆ ಅದನ್ನೇ, ಅಷ್ಟೇ ವಿನಯದಿಂದ ಹೇಳಿದಳು. ಕೊಡಲು ಹೋದದ್ದನ್ನು ಕಸಿದು ತನ್ನ ಕೈಗೇ ತುರುಕಿದ ಆ ಕಂಪ್ಯೂಟರಿಗೆ ಬಸ್ಸಮ್ಮ ಮನಸ್ಸಿನಲ್ಲೇ ಕೈ ಮುಗಿದಳು. ಅದಕ್ಕೆ ಮುಖದಾಕ್ಷಿಣ್ಯವಿರಲಿಲ್ಲ.

ವಿಮಾನದೊಳಗೆ ಹೋದಾಗ ಉಳಿದವರು ಬಲಕ್ಕೆ, ಅವಳೊಬ್ಬಳು ಎಡಕ್ಕೆ. ಸೀಟು ನೋಡಿ ಬಸ್ಸಮ್ಮನಿಗೆ ಮೊದಲು ಅನಿಸಿದ್ದು, ಇದರಲ್ಲಿ ನಮ್ಮೂರ ಬಸ್ಸಿನವರಾದರೆ ಮೂರು ಜನರನ್ನು ಕೂರಿಸಿ, ನಡುವೆ ಒಂದು ಕೂಸನ್ನೂ ಹಿಡಿಸುತ್ತಿದ್ದರು ಎಂದು. ಒಂದು ಬದಿಗೆ ಮೇಜು, ಎದುರಿಗೆ ಟಿ.ವಿ., ಕಾಲಿಡಲು ಗೂಡು, ಸುತ್ತ ಎದೆಮಟ್ಟದ ಗೋಡೆ. ಸೀಟಿಗೊಂದು ಕಾಂಪೌಂಡು ಕಟ್ಟಿದ್ದನ್ನು ಅವಳು ಇದೇ ಮೊದಲು ನೋಡಿದ್ದು. ಕೈಗಾಸರೆಯ ಮೇಲಿನ ಗುಂಡಿಗಳನ್ನು ಲೆಕ್ಕ ತಪ್ಪಿದ ಹಾರ್ಮೋನಿಯಂ ಎಂಬಂತೆ ನೋಡಿ, ಒಂದನ್ನು ಒತ್ತಿದಳು. ಸೀಟು ಅವಳನ್ನು ಎತ್ತಿಕೊಂಡು ಮೆಲ್ಲಗೆ ಹಿಂದಕ್ಕೆ ಬಾಗಿತು. ನಾಟಿಯ ಕೆಸರಿನಲ್ಲಿ ಬಾಗಿ ಬಾಗಿ ಸೊಂಟದಲ್ಲಿ ಒಂದು ನೋವು ಬಾಡಿಗೆ ಕೊಡದೆ ವಾಸವಾಗಿತ್ತು. ಸೀಟಿನ ಯಾವುದೋ ಮೆತ್ತೆ ಸರಿಯಾಗಿ ಅಲ್ಲಿಗೇ ಹೋಗಿ ಕೈಯಿಟ್ಟಿತು. ಬಸ್ಸಮ್ಮ ಬೇರೆ ಗುಂಡಿ ಮುಟ್ಟಲಿಲ್ಲ. ಸಿಕ್ಕ ಪುಣ್ಯವನ್ನು ಕೆದಕಬಾರದು.

ಎತ್ತರದ ಗಗನಸಖಿಯೊಬ್ಬಳು ತಟ್ಟೆಯಲ್ಲಿ ಇಕ್ಕಳ ಹಿಡಿದು ಬಂದಳು. ಇಕ್ಕಳದಿಂದ ಎತ್ತಿಕೊಟ್ಟದ್ದು ಹಬೆಯಾಡುವ ಒಂದು ಪುಟ್ಟ ಬಿಳಿ ಟವೆಲ್. ಆಚೆ ಸಾಲಿನ ಮನುಷ್ಯ ಅದರಲ್ಲಿ ಮುಖ ಒರೆಸಿ ವಾಪಸು ಕೊಟ್ಟದ್ದನ್ನು ಬಸ್ಸಮ್ಮ ನೋಡಿದಳು. ತಾನೂ ಒರೆಸಿಕೊಂಡಳು. ಆದರೆ ಕೊಡಲಿಲ್ಲ. ನೀಟಾಗಿ ಮಡಚಿ ಕೈಗಾಸರೆಯ ಮೇಲೆ ಹಾಕಿದಳು. ಗಗನಸಖಿ ಕೈ ಚಾಚಿದವಳು ಅವಳ ಮುಖ ನೋಡಿ ನಕ್ಕು, ಇರಲಿ ಎಂಬಂತೆ ಮುಂದೆ ಹೋದಳು. ಟವೆಲ್ ಬಸ್ಸಮ್ಮನದಾಯಿತು, ಆದ್ದರಿಂದ ಸೀಟೂ.

ಮೋಡಗಳ ಮೇಲೆ ಹೋದ ಬಳಿಕ ಅವಳಿಗೆ ಒಂದು ಸಂಗತಿ ಹೊಳೆಯಿತು. ಇಷ್ಟು ಹೊತ್ತಾದರೂ ಯಾರೂ ಅವಳನ್ನು "ಯಾವೂರು?" ಎಂದು ಕೇಳಿರಲಿಲ್ಲ. ನಮ್ಮ ಕಡೆ ಬಸ್ಸಿನಲ್ಲಿ ಕೂತ ಮೇಲೆ ಮೊದಲ ಪ್ರಶ್ನೆ ಅದು. ಎರಡನೆಯದು "ಯಾರ ಪೈಕಿ?" ಎಂಬುದು. ಎರಡನೆಯದನ್ನು ಕೇಳುವುದಕ್ಕಾಗಿಯೇ ಮೊದಲನೆಯದನ್ನು ಕೇಳುವುದು ಎಂದು ಬಸ್ಸಮ್ಮನ ಅನುಭವ. ಉತ್ತರ ಬಂದ ಮೇಲೆ ಪಕ್ಕದವರ ಸೀರೆಯ ಸೆರಗು ಎಷ್ಟು ಸರಿಯಿತು ಎಂಬುದನ್ನು ಅವಳು ನೋಡದಂತೆ ನೋಡುತ್ತಿದ್ದಳು. ಇಲ್ಲಿ ಗೋಡೆಯಾಚೆ ಕೂತವರ ಮುಖವೇ ಕಾಣದು. ಮೊದಲು ಸ್ವಲ್ಪ ಬೇಜಾರಾಯಿತು; ಮಾತಿಲ್ಲದ ಪ್ರಯಾಣವೆಂದರೆ ಉಪ್ಪಿಲ್ಲದ ಸಾರು. ಆಮೇಲೆ, ಎರಡನೆಯ ಪ್ರಶ್ನೆ ಬರುವುದೇ ಇಲ್ಲ ಎಂದು ಖಾತ್ರಿಯಾದ ಹಾಗೆ, ಹೆಗಲು ತಾನಾಗಿ ಕೆಳಗಿಳಿಯಿತು.

ಗಗನಸಖಿ ಮತ್ತೆ ಬಂದು, ಸೀಟಿನ ಪಕ್ಕ ನೆಲಕ್ಕೆ ಮಂಡಿಯೂರಿ ಕೂತು, "ಮಿಸೆಸ್ ಬಸ್ಸಮ್ಮ" ಎಂದು ಮಾತು ಶುರುಮಾಡಿದಳು. ಬಸ್ಸಮ್ಮ ಗಾಬರಿಯಿಂದ ಕಾಲು ಮೇಲೆಳೆದುಕೊಂಡಳು. ಅವಳಿಗೆ ಬರುತ್ತಿದ್ದ ಇಂಗ್ಲಿಷು ಎಣ್ಣೆ ಡಬ್ಬಿಗಳ ಮೇಲಿನದು: ಬಳಸುವ ಮೊದಲು ಚೆನ್ನಾಗಿ ಅಲುಗಾಡಿಸಿ, ಮಕ್ಕಳಿಂದ ದೂರವಿಡಿ. ಇಲ್ಲಿ ಅದು ಅಷ್ಟೇನೂ ಉಪಯೋಗಕ್ಕೆ ಬರಲಿಲ್ಲ. ಕೊನೆಗೆ ತಿಂಡಿಯ ಕಾರ್ಡಿನಲ್ಲಿ ಗುರುತು ಸಿಕ್ಕ ಒಂದೇ ಹೆಸರಿನ ಮೇಲೆ ಬೆರಳಿಟ್ಟಳು. ಬಿಳಿ ಬಟ್ಟೆ ಹಾಸಿ, ಚೀನಿ ತಟ್ಟೆಯಲ್ಲಿ, ಬೆಳ್ಳಿಯಂಥ ಚಮಚದ ಜೊತೆ, ಮುಗಿಲಿಗಿಂತ ಮೇಲೆ ಅವಳ ಮುಂದೆ ಬಂದದ್ದು ಉಪ್ಪಿಟ್ಟು. ಬಸ್ಸಮ್ಮ ಚೀಲದಿಂದ ಶೇಂಗಾ ಚಟ್ನಿ ತೆಗೆದು ಮೇಲೆ ಉದುರಿಸಿ, ಅಡುಗೆಯವನ ತಪ್ಪನ್ನು ತಿದ್ದಿಕೊಂಡು ತಿಂದಳು.

ತಿಂಡಿ ಮುಗಿದ ಮೇಲೆ ಪರದೆ ಸರಿಸಿಕೊಂಡು ದೇವಕ್ಕ ಬಂದಳು, ಸೀಟಿನಿಂದ ಸೀಟಿಗೆ ಕೈ ಹಿಡಿಯುತ್ತ, ಕಾಲೆಳೆಯುತ್ತ.

"ಹ್ಯಾಂಗದ ಬಸ್ಸಮ್ಮ, ನಿನ್ನ ಪಲ್ಲಕ್ಕಿ?"

"ನೀವs ನೋಡ್ರಿ ಅಕ್ಕಾರ." ಬಸ್ಸಮ್ಮ ಒಂದು ಬದಿಗೆ ಸರಿದಳು. "ಬರ್ರಿ, ಕೂಡ್ರಿ. ಇಬ್ಬರಿಗೂ ಹಿಡಿತದ."

ಹಿಡಿಯಿತು. ಶಹಾಪುರದ ದೇವಕ್ಕ ಮತ್ತು ರಂಗಂಪೇಟೆಯ ಬಸ್ಸಮ್ಮ ಒಂದೇ ಸೀಟಿನಲ್ಲಿ ಭುಜಕ್ಕೆ ಭುಜ ತಾಗಿಸಿ ಕೂತರು. ಊರಿನಲ್ಲಿ ಇದಕ್ಕೆ ಜಾಗ ಸಿಕ್ಕಿರಲಿಲ್ಲ. ದೇವಕ್ಕ ಕಾಲನ್ನು ಗೂಡಿನವರೆಗೆ ಚಾಚಿ ಕಣ್ಣು ಮುಚ್ಚಿ, "ಶಿವಾ," ಎಂದಳು. ಈ ಸಲದ್ದು ಮೆಟ್ಟಿಲಿನ ಶಿವಾ ಅಲ್ಲ, ಬೇರೆಯದು. "ಹಿಂದ ನಮ್ಮ ಕಡಿ ಮಣಕಾಲು ಮುಂದಿನವನ ಬೆನ್ನಾಗ ಇರ್ತಾವಬೇ. ಅವ ಹಿಂದಕ್ಕ ವರಗಿದನಂದ್ರ ನನ್ನ ಜೀವ ಹೋಗ್ತದ."

"ಚಟ್ನಿ ತಿಂತೀರೇನು?"

"ಯಾರ ಕೈದು?" ಎಂದಳು ದೇವಕ್ಕ, ಮತ್ತು ಕೇಳಿದ ಮೇಲೆ ಸುಮ್ಮನಾದಳು. ದೇವಕ್ಕ ಅಂಗೈ ಒಡ್ಡಿದಳು. "ಹಾಕು. ಇಷ್ಟ ಮ್ಯಾಲ ಬಂದು ಏನು ಕೇಳೋದದ."

ಚಟ್ನಿ ನಾಲಿಗೆಗೆ ತಾಗುವಷ್ಟರಲ್ಲಿ ಗಗನಸಖಿ ಬಂದಳು. ನಗುತ್ತಲೇ, ಒಂದು ಸೀಟಿಗೆ ಒಬ್ಬರೇ ಎಂದು ಬೆರಳಿನಲ್ಲಿ ತೋರಿಸಿ, ದೇವಕ್ಕನನ್ನು ತೋಳು ಹಿಡಿದು ಎಬ್ಬಿಸಿ ಪರದೆಯಾಚೆ ಕಳಿಸಿಬಂದಳು. ಎದ್ದು ಹೋಗುವಾಗ ದೇವಕ್ಕನ ಮುಖ ಕೆಂಪಗಿತ್ತು. ಬಹುಶಃ ಆ ಹೆಂಗಸನ್ನು ಜನ್ಮದಲ್ಲಿ ಯಾರೂ ಸೀಟಿನಿಂದ ಎಬ್ಬಿಸಿರಲಿಲ್ಲ. ಅಭ್ಯಾಸವಿಲ್ಲದ ಕೆಲಸ.

ಕಿಟಕಿಗಳನ್ನು ಮುಚ್ಚಿದರು. ಹೊರಗೆ ಹಗಲಿದ್ದರೂ ಒಳಗೆ ಸಂಜೆಯಾಯಿತು. ಕಾಲಿಗೆ ಕೊಟ್ಟಿದ್ದ ಮೆತ್ತನೆಯ ಕಾಲುಚೀಲ ಏರಿಸಿಕೊಂಡು ಬಸ್ಸಮ್ಮ ಮುಖ ತೊಳೆಯಲು ಎದ್ದಳು. ಏಳುವ ಮುನ್ನ ಕೈಗಾಸರೆಯ ಮೇಲಿನ ಟವೆಲನ್ನು ಸೀಟಿನ ನಟ್ಟನಡುವೆ ಬಿಡಿಸಿ ಹಾಕಿ, ಅಂಚು ಎಳೆದು ಸರಿಮಾಡಿದಳು.

ಮರಳಿ ಬಂದಾಗ ಸೀಟಿನ ಮೇಲೆ ಟವೆಲ್ ಇರಲಿಲ್ಲ. ಅದು ಗಗನಸಖಿಯ ಕೈಯಲ್ಲಿತ್ತು. ಕಂಕುಳಲ್ಲಿ ಏನೋ ಗಂಟು ಅವಚಿಕೊಂಡು ನಿಂತಿದ್ದ ಅವಳು, ಬಸ್ಸಮ್ಮನನ್ನು ಕಂಡು ನಕ್ಕು, ಟವೆಲನ್ನು ಅವಳ ಕೈಗೇ ಕೊಟ್ಟಳು. ಆಮೇಲೆ ತೆರೆದ ಅಂಗೈಯಿಂದ ಪಕ್ಕದ ದಾರಿಯತ್ತ ತೋರಿಸಿದಳು.

ಇದನ್ನು ತಿಳಿಯಲು ಬಸ್ಸಮ್ಮನಿಗೆ ಯಾವ ಭಾಷೆಯೂ ಬೇಕಾಗಿರಲಿಲ್ಲ. ಉಪಕಾಯಿದೆ ಇಲ್ಲಿಯವರೆಗೂ ಬಂದಿದೆ ಎಂದುಕೊಂಡಳು. ಜಗಳವಾಡಲಿಲ್ಲ, ಕೇಳಲೂ ಇಲ್ಲ. ಬಗ್ಗಿ ತನ್ನ ಚೀಲ ಎತ್ತಿಕೊಂಡು, ಟವೆಲನ್ನು ಹೆಗಲಿಗೆ ಹಾಕಿ, ಪರದೆ ಸರಿಸಿ ಹಿಂದಕ್ಕೆ ನಡೆದುಬಿಟ್ಟಳು. ಹಿಂದೆ ಗಗನಸಖಿ ಏನೋ ಅಂದದ್ದು ಕೇಳಿಸಿತು. ಎಬ್ಬಿಸಿದವರು ಆಮೇಲೆ ಅನ್ನುವ ಒಳ್ಳೆಯ ಮಾತುಗಳನ್ನು ನಿಂತು ಕೇಳುವ ರೂಢಿ ಬಸ್ಸಮ್ಮನಿಗಿರಲಿಲ್ಲ. ಕಾಲಲ್ಲಿ ಮಾತ್ರ ಅವರ ಕಾಲುಚೀಲ ಇನ್ನೂ ಇತ್ತು. ಅದನ್ನೂ ಬಂದು ಕೇಳುತ್ತಾರೇನೋ ಎಂದುಕೊಂಡಳು.

ಹಿಂದೆ ಒಂದೂ ಖಾಲಿ ಸೀಟಿರಲಿಲ್ಲ. ದಾರಿಯ ಬದಿಯ ಸೀಟಿನಲ್ಲಿ ದೇವಕ್ಕ ಒಂದು ಕಾಲನ್ನು ಹೊರಗೆ ಚಾಚಿ ಕೂತಿದ್ದಳು. ಪಕ್ಕದಲ್ಲಿ ಲಿಂಗಣ್ಣ ಬಾಯಿ ತೆರೆದು ನಿದ್ದೆಹೋಗಿದ್ದರು.

"ಯಾಕಬೇ, ಇಲ್ಲಿ ಬಂದಿ?"

"ಎಬ್ಬಿಸಿದ್ರು ಅಕ್ಕಾರ."

"ಯಾರು?"

"ಆಕಿನ. ಟವೆಲ್ ತಗದು ಕೈಯಾಗ ಕೊಟ್ಟು ದಾರಿ ತೋರಿಸಿದಳು. ಸಾವ್ಕಾರು ಯಾರಿಗರೆ ಹೇಳಿದ್ರೇನು?"

"ನಿನ್ನ ಬಾಯಾಗ ಮಣ್ಣು ಹಾಕ. ಆಕಿ ನನ್ನs ತೋಳು ಹಿಡದು ಎಬ್ಬಿಸಿ ಕಳಿಸ್ಯಾಳ, ನಾವು ಹೇಳಿದ್ರ ಕೇಳ್ತಾಳೇನು?"

"ಯಾರು ಹೇಳಿದ್ರೋ ಏನೋ. ಸೀಟಂತೂ ಖಾಲಿ ಅದ. ನೀವs ಹೋಗಿ ಕೂಡ್ರಿ. ನಿಮ್ಮ ಮಣಕಾಲಿಗರೆ ಆಗ್ಲಿ."

ದೇವಕ್ಕ ಬಸ್ಸಮ್ಮನ ಮುಖ ನೋಡಿದಳು. ಪರದೆಯ ಕಡೆ ನೋಡಿದಳು. ಮನಸ್ಸು ಏನಾದರೂ ಹೇಳುವ ಮೊದಲೇ ಮೊಣಕಾಲು ತೀರ್ಮಾನ ಮಾಡಿತು. ಅವಳು ಎದ್ದು ಹೋದಳು. ಬಸ್ಸಮ್ಮ ಅವಳ ಜಾಗದಲ್ಲಿ ಕೂತಳು. ದೇವಕ್ಕ ಹೇಳಿದ್ದು ನಿಜ, ಮೊಣಕಾಲು ಮುಂದಿನವನ ಬೆನ್ನಿನಲ್ಲೇ ಇತ್ತು.

ಲಿಂಗಣ್ಣ ಮಗ್ಗುಲಾಗಿ ಕಣ್ಣು ಬಿಟ್ಟರು. ಮುಚ್ಚಿದರು. ಮತ್ತೆ ಬಿಟ್ಟರು.

"ನಮ್ಮ ಮನಿಯಾಕಿ ಎಲ್ಲಿ?"

"ಮುಂದ ಹೋಗ್ಯಾರ್ರಿ. ಬಡ್ತಿ ಆಗ್ಯದ."

ಲಿಂಗಣ್ಣ ನಡುವಿನ ಕೈಗಾಸರೆಯ ಮೇಲಿದ್ದ ತಮ್ಮ ಮೊಳಕೈ ತೆಗೆದು ಮಡಿಲಲ್ಲಿಟ್ಟುಕೊಂಡರು. ಬಸ್ಸಮ್ಮನೂ ತನ್ನದನ್ನು ಮಡಿಲಲ್ಲೇ ಇಟ್ಟುಕೊಂಡಿದ್ದಳು. ಕೈಗಾಸರೆ ಯಾರಿಗೂ ಬೇಡವಾಗಿ ನಡುವೆ ಬಿದ್ದಿತ್ತು.

"ಈ ಸಲ ಗುಲಾಬಿ ಹುಳ ನಿಮ್ಮ ಕಡಿ ಹ್ಯಾಂಗ?" ಎಂದು ಕೇಳಿದರು ಕೊನೆಗೆ. ಹತ್ತಿ ವ್ಯಾಪಾರದವರು ದಿಕ್ಕು ತೋಚದಾಗ ಕೇಳುವ ಪ್ರಶ್ನೆ ಅದು.

ಹುಳದ ವಿಚಾರ ಇನ್ನೂ ಮುಗಿದಿರಲಿಲ್ಲ, ಅಷ್ಟರಲ್ಲಿ ದೇವಕ್ಕ ವಾಪಸು ಬಂದಳು. ಹಿಂದೆಯೇ ಗಗನಸಖಿ, ಮುಖದಲ್ಲಿ ನಗುವಿಲ್ಲದೆ.

"ಬಸ್ಸಮ್ಮ, ಏಳು," ಎಂದಳು ದೇವಕ್ಕ.

ಬಸ್ಸಮ್ಮ ಕಾಲಿನ ಕಡೆ ನೋಡಿದಳು. ಈ ಸಲ ಅದು ಏಳಲಿಲ್ಲ.

"ಏಳಂಗಿಲ್ರಿ."

"ಅಂದ್ರ?"

"ಎಷ್ಟು ಸಲ ಏಳಬೇಕ್ರಿ ಅಕ್ಕಾರ? ಟೆಂಪೋದಾಗ ಎದ್ದೆ. ಅಲ್ಲಿ ಎದ್ದೆ. ಇದು ನೀವು ಬಿಟ್ಟು ಹೋದ ಜಾಗ, ನಾ ಕೂತೀನಿ. ಲಂಡನ್ ಬರೋತನಕ ಇಲ್ಲೇ ಕೂಡ್ತೀನಿ. ಬೇಕಾದ್ರ ವಿಮಾನ ಇಳಿಸಿ ನನ್ನ ಇಳಿಸ್ರಿ."

"ಟೆಂಪೋದಾಗ ನಿನಗ ಯಾರು ಏಳು ಅಂದಾರ?"

"ಯಾರೂ ಅಂದಿಲ್ಲ. ಅದs ಅಲ್ಲೇನ್ರಿ ಮತ್ತ."

ದೇವಕ್ಕ ಸೀಟಿನ ಬೆನ್ನು ಹಿಡಿದು ನಿಂತಳು. ಕಾಲು ನೋಯುತ್ತಿದ್ದದ್ದು ಮುಖದಲ್ಲಿ ಕಾಣುತ್ತಿತ್ತು. ಲಿಂಗಣ್ಣ ಎದುರಿನ ಜೇಬಿನಲ್ಲಿದ್ದ ಸುರಕ್ಷತೆಯ ಕಾಗದವನ್ನು ತೆಗೆದು ಬಹಳ ಗಮನವಿಟ್ಟು ಓದತೊಡಗಿದರು.

"ಹುಚ್ಚಿ," ಎಂದಳು ದೇವಕ್ಕ, ದನಿ ತಗ್ಗಿಸಿ. "ನಿನ್ನ ಎಬ್ಬಿಸಿಲ್ಲ. ಹಾಸಿಗಿ ಹಾಸಾಕ ಒಂದ್ ಗಳಗಿ ಬಾಜೂಕ ನಿಂದ್ರು ಅಂದಾಳ. ಸೀಟು ಪೂರಾ ಮಂಚ ಆಗ್ಯದ. ಗಾದಿ, ದಿಂಬು, ದುಪ್ಪಟಿ, ಎಲ್ಲ ಹಾಸಿ ಇಟ್ಟಾಳ. ನಿನಗ."

ಬಸ್ಸಮ್ಮ ಹೆಗಲ ಮೇಲಿನ ಟವೆಲನ್ನು ಮುಟ್ಟಿ ನೋಡಿಕೊಂಡಳು.

"ಖರೇ ಹೇಳ್ತೀನಿ, ನಾ ಮಲಗೀನಿ ಅದರ ಮ್ಯಾಲ. ಕಾಲು ಚಾಚಿ. ಏನ್ ಸುಖ ಅದನಬೇ ಅದು. ಅಷ್ಟರಾಗ ಈಕಿ ಎಲ್ಲಾ ಕಡಿ ನಿನ್ನ ಹುಡುಕಿ ಬಂದು, ಮಿಸೆಸ್ ಬಸ್ಸಮ್ಮ ಎಲ್ಲಿ, ಮಿಸೆಸ್ ಬಸ್ಸಮ್ಮ ಎಲ್ಲಿ ಅಂತ ಕೇಳಿದಳು. ನಾನs ಬಸ್ಸಮ್ಮ ಅನ್ನಾಕ ಬಾಯಿತನಕ ಬಂದಿತ್ತು."

ಲಿಂಗಣ್ಣ ಕಾಗದದಿಂದ ತಲೆಯೆತ್ತಿದರು.

"ಅಂದಿದ್ರ ಆಗ್ತಿತ್ತಲ್ರಿ," ಎಂದಳು ಬಸ್ಸಮ್ಮ.

"ಆಗ್ತಿತ್ತು. ಆಕಿಗೇನು ಗೊತ್ತಾಗ್ತದ, ನಾವಿಬ್ಬರೂ ಆಕಿಗಿ ಒಂದs." ದೇವಕ್ಕ ಮೊಣಕಾಲು ತಿಕ್ಕಿಕೊಂಡಳು. "ಆದ್ರ ನಿನ್ನ ಹಾಸಿಗಿ ಅದು. ಆಕಿ ಹಾಸುವಾಗ ಪರದೆ ಬಾಜೂಕ ನಿಂತು ನಾ ನೋಡೀನಲ್ಲ, ದಿಂಬು ಹ್ಯಾಂಗ ತಟ್ಟಿ ತಟ್ಟಿ ಇಟ್ಟಳು ಅಂತ. ಅದನ್ನ ನೋಡಿದ ಮ್ಯಾಲ ಸುಳ್ಳು ಹೇಳಾಕ ಆಗಲಿಲ್ಲ."

ಅಷ್ಟರಲ್ಲಿ ಗಗನಸಖಿ ದೇವಕ್ಕನನ್ನು ಬಳಸಿ ಮುಂದೆ ಬಂದು, ಆ ಇಕ್ಕಟ್ಟು ದಾರಿಯಲ್ಲೇ ಮಂಡಿಯೂರಿದಳು. ಸಾರಿ ಎಂಬ ಮಾತು ಎರಡು ಮೂರು ಸಲ ಬಂತು. ಹೆಗಲ ಮೇಲಿನ ಟವೆಲನ್ನು ತೋರಿಸಿ, ಎದೆಯ ಮೇಲೆ ಕೈಯಿಟ್ಟುಕೊಂಡಳು. ಅವಳಿಗೆ ಏನು ತಿಳಿಯಿತೋ, ಟವೆಲಿನ ಕಾಯಿದೆ ಅವರೂರಿನಲ್ಲಿ ಇದೆಯೋ ಇಲ್ಲವೋ, ಬಸ್ಸಮ್ಮನಿಗೆ ಗೊತ್ತಾಗಲಿಲ್ಲ. ಅವಳು ನೋಡಿದ್ದು ನೆಲಕ್ಕೆ ಊರಿದ ಮಂಡಿಗಳನ್ನು. ಹಿಂದಿನಿಂದ ತಳ್ಳುಗಾಡಿ ಬಂದು ನಿಂತು, ಸಾಲಿನಲ್ಲಿ ಜನ ಕತ್ತೆತ್ತಿ ನೋಡುತ್ತಿದ್ದರೂ ಅವಳು ಏಳುವ ಅವಸರ ತೋರಿಸಲಿಲ್ಲ. ಬಸ್ಸಮ್ಮ ಎದ್ದರೆ ತಾನು ಏಳುವುದು ಎಂಬಂತೆ ಇದ್ದಳು.

"ಏಳವ್ವ, ಮಂಡಿ ನೋಯ್ತಾವ," ಎಂದು ಬಸ್ಸಮ್ಮ ಅವಳ ತೋಳು ಹಿಡಿದು ಎಬ್ಬಿಸಿದಳು. ಎಬ್ಬಿಸುವಾಗ ತಾನೂ ಎದ್ದಿದ್ದಳು.

ದೇವಕ್ಕ ತನ್ನ ಜಾಗಕ್ಕೆ ಇಳಿದಳು. ಬಸ್ಸಮ್ಮ ಎರಡು ಹೆಜ್ಜೆ ಹೋಗಿ ತಿರುಗಿ, ಗಗನಸಖಿಗೆ ದೇವಕ್ಕನ ಕಾಲು ತೋರಿಸಿ, ಕೈಯಲ್ಲೇ ಒಂದು ದಿಂಬು ಬರೆದಳು. ದಿಂಬು ಬಂತು; ಒಂದಲ್ಲ, ಎರಡು. ಒಂದು ಮೊಣಕಾಲಿನ ಕೆಳಗೆ, ಇನ್ನೊಂದು ಸೊಂಟಕ್ಕೆ. ಬಸ್ಸಮ್ಮ ನಿಂತು, ಅವು ಸರಿಯಾಗಿ ಕೂತವೋ ಇಲ್ಲವೋ ನೋಡಿದಳು.

"ಸಾಕೇನ್ರಿ?"

"ಸಾಕು ಹೋಗು. ಹೋಗಿ ಮಲಗು. ಒಳಗ ಗಾಳಿ ತಂಪದ, ದುಪ್ಪಟಿ ಕುತಿಗಿತನಕ ಹೊಚ್ಚಿಕೋ."

ಮಂಚ ದೇವಕ್ಕ ಹೇಳಿದ ಹಾಗೆಯೇ ಇತ್ತು. ಒಂದು ಬದಿ ಮಾತ್ರ ಸ್ವಲ್ಪ ತಗ್ಗಿತ್ತು, ಅವಳು ಮಲಗಿ ಎದ್ದ ಗುರುತು. ಬಸ್ಸಮ್ಮ ಆ ತಗ್ಗಿನಲ್ಲೇ ಮಲಗಿದಳು, ಬೆಚ್ಚಗಿತ್ತು. ಹಗಲು ಹೊತ್ತಿನಲ್ಲಿ ಅವಳು ಹೀಗೆ ಉದ್ದಕ್ಕೆ ಮಲಗಿದ್ದು ಬಾಣಂತನದಲ್ಲಿ, ಒಮ್ಮೆ ಜ್ವರ ಬಂದಾಗ. ಆ ಎರಡು ಸಲವೂ ಯಾರದೋ ಕೆಲಸ ಕೆಡಿಸುತ್ತಿದ್ದೇನೆ ಎಂಬ ಕೊರಗಿತ್ತು. ಇಲ್ಲಿ ಕೆಡಿಸಲು ಯಾವ ಕೆಲಸವೂ ಇರಲಿಲ್ಲ. ಸೊಂಟದ ನೋವು ತನ್ನ ಜಾಗ ಖಾಲಿ ಮಾಡಿ ಎಲ್ಲಿಗೋ ಹೋಗಿತ್ತು. ಯಾರಿಗಾದರೂ ಋಣಿಯಾಗಬೇಕು ಅನಿಸಿತು ಅವಳಿಗೆ, ಆದರೆ ಯಾರಿಗೆ ಎಂಬುದು ಸುಲಭವಾಗಿ ಬಗೆಹರಿಯಲಿಲ್ಲ. ಕಂಪ್ಯೂಟರಿಗೆ ಆಗಲೇ ಕೈ ಮುಗಿದಾಗಿತ್ತು. ಹಾಸಿಗೆ ಹಾಸಿದವಳು, ನಾನೇ ಬಸ್ಸಮ್ಮ ಎನ್ನದೆ ಬಿಟ್ಟವಳು, ಬೀಳುವ ಹೆದರಿಕೆಗೆ ಮನೆಯಲ್ಲುಳಿದು ತನ್ನನ್ನು ಒಂಟಿ ಮಾಡಿದವನು, ಎಲ್ಲರೂ ಸಾಲಾಗಿ ಬಂದು ನಿಂತರು. ಯಾರನ್ನು ಮೊದಲು ಕೂಡ್ರಿ ಅನ್ನಬೇಕು ಎಂದು ಯೋಚಿಸುತ್ತಿರುವಾಗ ನಿದ್ದೆ ಬಂತು. ಯಾರೂ ಎಬ್ಬಿಸಲಿಲ್ಲ.

ವಿಮಾನ ನೆಲ ಮುಟ್ಟಿ ನಿಲ್ಲುತ್ತಲೇ ಎಲ್ಲರೂ ಎದ್ದರು. ಲಂಡನ್ನಿಗೆ ಬಂದರೂ ಜನ ಇಳಿಯುವುದು ಮಾತ್ರ ಶಹಾಪುರ ಬಸ್ ನಿಲ್ದಾಣದಂತೆಯೇ. ಆದರೆ ಮುಂದಿನವರು ಇಳಿಯುವವರೆಗೆ ಹಿಂದಿನವರನ್ನು ಬಿಡುವಂತಿಲ್ಲವಂತೆ. ಗಗನಸಖಿ ಪರದೆಯ ಬಳಿ ಕೈ ಅಡ್ಡ ಹಿಡಿದು ನಿಂತಳು. ಮುಂದಿನ ಸೀಟಿನವರು ಒಬ್ಬೊಬ್ಬರಾಗಿ ಹೋದರು. ಬಸ್ಸಮ್ಮ ಒಬ್ಬಳೇ ಉಳಿದಳು. ಅವಳು ದುಪ್ಪಟಿಯ ತುದಿಗೆ ತುದಿ ಹೊಂದಿಸಿ ಮಡಚುತ್ತಿದ್ದಳು. ಗಗನಸಖಿ ಬೇಡ ಬೇಡ ಎಂದು ತಲೆಯಾಡಿಸಿದಳು. ಬಸ್ಸಮ್ಮ ಮಡಚುತ್ತಲೇ ಇದ್ದಳು.

ಪರದೆಯಾಚೆಯಿಂದ ದೇವಕ್ಕನ ದನಿ ಬಂತು.

"ಬಸ್ಸಮ್ಮ, ಏನ್ ಮಾಡಾಕತ್ತಿಬೇ? ನಿನ್ನ ಸಲುವಾಗಿ ನಮ್ಮನ್ನೆಲ್ಲ ನಿಲ್ಲಿಸ್ಯಾರ."

"ದುಪ್ಪಟಿ ಮಡಚಾಕತ್ತೀನ್ರಿ ಅಕ್ಕಾರ. ಮಂದಿ ಮನ್ಯಾಗ ಮಲಗಿ ಹಂಗs ಎದ್ದು ಬರಾಕ ಆಗ್ತದೇನು?"

"ಮಡಚಲಿ ಬಿಡು," ಎಂದ ಲಿಂಗಣ್ಣನ ದನಿ ಕೇಳಿತು. "ಅವಸರೇನದ. ನಿಂದ್ರೂಣು."

ಬಸ್ಸಮ್ಮ ದುಪ್ಪಟಿಯನ್ನು ಇನ್ನೊಂದು ಮಡಿಕೆ ಮಾಡಿ, ಅದರ ಮೇಲೆ ದಿಂಬನ್ನಿಟ್ಟು, ದಿಂಬನ್ನು ಎರಡು ಸಲ ತಟ್ಟಿದಳು. ಆಮೇಲೆ ಚಪ್ಪಲಿ ಮೆಟ್ಟಿಕೊಳ್ಳಲೆಂದು ಸೀಟಿನ ಮೇಲೆ ಮತ್ತೆ ಕೂತಳು. ಚಪ್ಪಲಿ ಮೆಟ್ಟಿದ ಮೇಲೂ ಸ್ವಲ್ಪ ಹೊತ್ತು ಕೂತೇ ಇದ್ದು, ತನಗೆ ಸಾಕೆನಿಸಿದಾಗ ಎದ್ದಳು.